ಎರಡನೆಯ ‘ನಿ’

ನಿನ್ನೆ ಗುರೆಳ್ಳು ಚಟ್ನಿಪುಡಿಯ ಡಬ್ಬಿ ಬಿಚ್ಚಿದ್ದೇ ತಡ, ಎದುರುಮನೆಯ ಕಾಕಾ ನೆನಪಾದರು. ನನ್ನ ಪಾಠಕ್ಕೆ ಅವರು ಕೊಡುತ್ತಿದ್ದ ದಕ್ಷಿಣೆ ಅದೇ ಪುಡಿ.

ಕಾಕಾ ವಿಜಯಪುರದ ಕಡೆಯವರು, ಪುಣೆಯಲ್ಲಿ ಬಟ್ಟೆ ವ್ಯಾಪಾರ ಮಾಡಿದವರು. ನಾನು ಮೈಸೂರಿನವಳು. ಪುಣೆಯದೇ ಖರಾಡಿಯ ಆಫೀಸಿನಲ್ಲಿ ದಕ್ಷಿಣ ಆಫ್ರಿಕಾದ ಗ್ರಾಹಕರ ಫೋನ್ ಎತ್ತುವುದಕ್ಕೆಂದೇ ಆಫ್ರಿಕಾನ್ಸ್ ಕಲಿತಿದ್ದೆ. ಆ ದೇಶದವನನ್ನು ಮದುವೆಯಾಗಿ ಹೋಗಿದ್ದ ಕಾಕಾನ ಮಗಳು ಅಲ್ಲೇ ತೀರಿಕೊಂಡಿದ್ದಳು. ನಾಲ್ಕು ವರ್ಷದ ಮೊಮ್ಮಗಳಿಗೆ ಆಫ್ರಿಕಾನ್ಸ್ ಬಿಟ್ಟು ಬೇರೆ ಮಾತು ಬರದು. ಅವಳ ಜೊತೆ ಮಾತಾಡಬೇಕೆಂಬುದೊಂದೇ ಕಾಕಾನ ಹಟ.

ಮೊದಲ ಪಾಠ ‘ಗ’. ಅದನ್ನು ಗಂಟಲು ಕೆರೆದು ‘ಖ್ಹ’ ಎನ್ನಬೇಕು ಎಂದೆ. ಮುಂಜಾನೆ ಹಲ್ಲುಜ್ಜುವಾಗ ದಿನಾ ಮಾಡುವುದೇ ಅಲ್ಲವೇ ಎಂದು ನಕ್ಕರು. ಕ್ರಿಯಾಪದ ಇನ್ನೂ ಸಲೀಸು. ನಾನು, ನೀನು, ಅವಳು, ಯಾರಾದರೂ ಇರುವುದಕ್ಕೆ ‘ಇಸ್’ ಒಂದೇ. ಎಲ್ಲರಿಗೂ ಒಂದೇ ಅಳತೆಯ ಅಂಗಿ ಎಂದು ಅವರಿಗೆ ಭಾರಿ ಖುಷಿ.

ಕಾಟ ಕೊಟ್ಟಿದ್ದು ‘ನಿ’, ಅಂದರೆ ‘ಇಲ್ಲ’. ಅದನ್ನು ವಾಕ್ಯದ ನಡುವೆ ಒಮ್ಮೆ, ಕೊನೆಗೆ ಇನ್ನೊಮ್ಮೆ ಹೇಳಲೇಬೇಕು. ಕಾಕಾ ಕೊನೆಯದನ್ನು ನುಂಗಿಬಿಡುತ್ತಿದ್ದರು.

“ಒಮ್ಮೆ ಇಲ್ಲ ಅಂದ್ರ ಸಾಕಾಗೂದಿಲ್ಲೇನು ತಂಗಿ?”

ಹೇಳಿ ಹೇಳಿ ನನಗೇ ಸಾಕಾಗಿತ್ತು. ಅಂತೂ ಇಂತೂ ರೂಢಿಯಾಯಿತು.

ಒಂದು ಭಾನುವಾರ ವಿಡಿಯೊ ಕಾಲ್‌ನಲ್ಲಿ ಆ ಮಗು, ಅಮ್ಮ ನಿಮ್ಮ ಮನೆಗೆ ಬಂದಿದ್ದಾಳಾ ಎಂದು ಕೇಳಿತು. ಕಾಕಾ ಸರಿಯಾಗಿಯೇ ಶುರುಮಾಡಿದರು. “ಮಾ ಇಸ್ ನಿ ಹೀರ್...” ಅಮ್ಮ ಇಲ್ಲಿ ಇಲ್ಲ. ಅಲ್ಲಿಗೇ ನಿಂತರು. ಮರೆತರೇನೋ ಎಂದು ಪಕ್ಕದಲ್ಲಿದ್ದ ನಾನು ಮೆಲ್ಲಗೆ ‘ನಿ’ ಎಂದೆ. ಅವರು ಹೇಳಲಿಲ್ಲ. ಅಷ್ಟರಲ್ಲಿ ಅಳಿಯ ಮಗುವನ್ನು ಎತ್ತಿಕೊಂಡು ಹೋದ.

“ಗೊತ್ತದ ತಂಗಿ,” ಎಂದರು ಕಾಕಾ. “ಹೇಳಾಕ ಬಾಯಿ ಬರಲಿಲ್ಲ.”

ಆ ಮಳೆಗಾಲ ಎದೆನೋವೆಂದು ಆಸ್ಪತ್ರೆಗೆ ಹೋದವರು ಮರಳಲಿಲ್ಲ... ಸುದ್ದಿ ತಿಳಿದ ಅಳಿಯ ನನಗೆ ಫೋನ್ ಮಾಡಿದಾಗ ನಡುವೆ ಮಗು ಬಂದು ಅಜ್ಜ ಎಲ್ಲಿ ಎಂದಿತು. ಅವನು ಫೋನನ್ನು ಮಗುವಿನ ಕೈಗೇ ಕೊಟ್ಟ. ದಿನವಿಡೀ ಅದೇ ಭಾಷೆಯಲ್ಲಿ ಜನರಿಗೆ ಇಲ್ಲ ಎನ್ನುವವಳು ನಾನು. “ಔಪಾ ಇಸ್ ನಿ ಹೀರ್...” ಎಂದೆ, ಅಜ್ಜ ಇಲ್ಲಿ ಇಲ್ಲ. ನಾನೂ ಅಲ್ಲಿಗೇ ನಿಂತೆ.

ತಪ್ಪು ಮಾತಾಡಿದವರನ್ನು ತಿದ್ದುವಂತೆ ಮಗುವೇ “ನಿ” ಎಂದಿತು.

ಎದುರುಮನೆಯಲ್ಲಿ ಈಗ ಬೇರೆಯವರಿದ್ದಾರೆ. ಈ ಪುಡಿಗೆ ಕಾಕಾನ ಕೈರುಚಿಯಿಲ್ಲ. ಆಫೀಸಿನಲ್ಲಿ ಎರಡನೆಯ ‘ನಿ’ ಹೇಳುವಾಗಲೆಲ್ಲ ಇವತ್ತಿಗೂ ನನಗೆ ಕೇಳುವುದು ಆ ಮಗುವಿನ ದನಿಯೇ.