ಭೋಂಗಾ ಮುಗಿಯುವ ತನಕ ಉಸಿರು

ದಾಂಡೇಲಿಗೆ ಮೊಬೈಲ್ ಟವರು ಬಂದ ಹೊಸತು. ಅಕ್ಕನ ಕಿಡ್ನಿ ಯಾಕೆ ಸೊರಗುತ್ತಿದೆ ಎಂದು ತಿಳಿಯಬೇಕಾದರೆ ಬೆನ್ನಿಗೆ ಸೂಜಿ ಹಾಕಿ ಒಂದು ಚೂರು ತೆಗೆದು ನೋಡಬೇಕು ಎಂದಿದ್ದರು ಹುಬ್ಬಳ್ಳಿಯ ಡಾಕ್ಟರು. ಅಕ್ಕ ಸೂಜಿ ಎಂದರೆ ಎದ್ದು ಬಾಗಿಲ ಕಡೆ ನಡೆಯುವವಳು. ಅವತ್ತೂ ಅವಳು ಹೊರಗೆ ಹೋದ ಮೇಲೆ ಡಾಕ್ಟರೇ ನನ್ನ ಮುಂದೆ ಇನ್ನೊಂದು ಮಾತು ತೆಗೆದರು: ಕಿಡ್ನಿಗೆ ಪ್ರಾಣವಾಯು ಎಷ್ಟು ಸಿಗುತ್ತಿದೆ ಎಂದು ಹೊಸ ಬಗೆಯ ಎಂಆರ್‌ಐನಲ್ಲಿ ನೋಡುವ ಅಧ್ಯಯನ ನಡೆದಿದೆ, ಚುಚ್ಚುವುದೇನಿಲ್ಲ, ಒಪ್ಪಿದರೆ ಸೇರಬಹುದು.

ಚಿತ್ರ ಚೆನ್ನಾಗಿ ಬಂದರೆ ಸೂಜಿ ತಪ್ಪುತ್ತದೆ ಎಂದು ಅವರು ಹೇಳಿದರೋ, ನಾನೇ ಸೇರಿಸಿಕೊಂಡೆನೋ, ಇವತ್ತಿಗೂ ಗೊತ್ತಿಲ್ಲ. ದಾಂಡೇಲಿಯ ಅಂಬೇವಾಡಿಯ ನಮ್ಮ ಮನೆಗೆ ಬಂದವನೇ ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಡಾಕ್ಟರರ ದನಿಯಲ್ಲೇ, "ಸೂಜಿ ಬ್ಯಾಡವಾ, ಫೋಟೋ ಸಾಕು" ಎಂದೆ. ಓಣಿಯವರನ್ನೆಲ್ಲ ಅಣಕಿಸುವುದೇ ಆಗ ನನ್ನ ಉದ್ಯೋಗ. ಬೇರೆ ಉದ್ಯೋಗ ಸಿಕ್ಕಿರಲಿಲ್ಲ. ಅಣಕ ಅಷ್ಟು ಚೆನ್ನಾಗಿತ್ತು, ಅಕ್ಕ ನಂಬಿದಳು. ನಾನೂ ನಂಬಿದೆ.

ಚಿತ್ರ ತೆಗೆಯುವಾಗ ಉಸಿರು ಹಿಡಿಯಬೇಕಂತೆ. ಕಾರ್ಖಾನೆ ಊರಿನ ನಮಗೆ ಅದರ ಅಳತೆ ಮನೆಬಾಗಿಲಲ್ಲೇ ಇತ್ತು: ಪಾಳಿ ಬದಲಾಗುವಾಗ ಕೂಗುವ ಭೋಂಗಾ. "ಸಪ್ಪಳ ಶುರು ಆತಂದ್ರ ಉಸುರು ಹಿಡಿ, ಮುಗದ ಮ್ಯಾಲೆ ಬಿಡು" ಎಂದು ಕಲಿಸಿದೆ. ಭೋಂಗಾ ಇಲ್ಲದ ಹೊತ್ತಿನಲ್ಲಿ ನಾನೇ ಭೋಂಗಾ. ಹುಬ್ಬಳ್ಳಿಗೆ ಹೊರಟ ದಿನ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲೂ ಕೂಗಿದೆ. ಕಬ್ಬು ಜಗಿಯುತ್ತಿದ್ದ ಅಜ್ಜನೊಬ್ಬ, "ಇವಗ ಹುಚ್ಚ ಹಿಡದೈತೇನವಾ?" ಎಂದು ಅಕ್ಕನನ್ನು ಕೇಳಿದ. ಉಸಿರು ಹಿಡಿದಿದ್ದ ಅಕ್ಕ ತಲೆಯಾಡಿಸಿ ಹೌದೆಂದಳು.

ಆದರೆ ಆ ಮಶೀನು ಭೋಂಗಾದಂತೆ ಕೂಗಿ ನಿಲ್ಲುವಂಥದ್ದಲ್ಲ. ಕೆಲವು ಚಿತ್ರಗಳಿಗೆ ಉಸಿರು ಹಿಡಿಯಬೇಕು, ಕೆಲವಕ್ಕೆ ಸುಮ್ಮನೆ ಉಸಿರಾಡುತ್ತ ಮಲಗಿರಬೇಕು. ಆಗ ಅದು ನಿಮಿಷಗಟ್ಟಲೆ ಬಡಿದುಕೊಳ್ಳುತ್ತದೆ. ಅಕ್ಕ ನಾನು ಕಲಿಸಿದ್ದನ್ನೇ ಪಾಲಿಸಿದಳು. ಕೊನೆಗೆ ತಡೆಯಲಾರದೆ ಒದ್ದಾಡಿದಳು. ಚಿತ್ರವೆಲ್ಲ ಕಲಸಿಹೋಯಿತು.

"ಯಾರ್ರೀ ಇವ್ರಿಗೆ ಹಿಂಗ ಕಲಿಸಿದ್ದು?" ಎಂದ ಮಶೀನು ನಡೆಸುವವನು.

ನಾನು ಕೈ ಎತ್ತಿದೆ.

"ಹಂಗಾರ ನೀವ ಹೇಳ್ರಿ" ಎಂದು ಮೈಕು ನನ್ನ ಮುಂದಿಟ್ಟ.

ಯಾವ ದನಿಯಲ್ಲಿ ಹೇಳುವುದು? ಡಾಕ್ಟರು, ಭೋಂಗಾ, ಓಣಿಯ ಮಾವಂದಿರು ಎಲ್ಲರೂ ಗಂಟಲಲ್ಲಿದ್ದರು, ನಾನೊಬ್ಬ ಸಿಗಲಿಲ್ಲ. "ಅಕ್ಕಾ, ಸಪ್ಪಳದ ಲೆಕ್ಕ ಬಿಡು. ನಾ ಹೇಳಿದಾಗ ಅಷ್ಟ ಉಸುರು ಹಿಡಿ" ಎಂದೆ. ಬಂದದ್ದು ತೆಳ್ಳಗಿನ, ನಡುಗುವ ದನಿ.

ಒಳಗಿನಿಂದ ಅಕ್ಕ, "ಯಾರದು?" ಎಂದಳು.

ಎರಡನೇ ಸಲ ಚಿತ್ರಗಳು ಸರಿ ಬಂದವು. ಡಾಕ್ಟರು ನನ್ನನ್ನು ಒಳಗೆ ಕರೆದು ತೋರಿಸಿದರು. ಅವರೆಕಾಳಿನಂಥ ಎರಡು ಆಕಾರ, ಅಲ್ಲಲ್ಲಿ ನೀಲಿ, ಕೆಂಪು. ಯಾವ ಬಣ್ಣಕ್ಕೆ ಖುಷಿಪಡಬೇಕೋ ತಿಳಿಯಲಿಲ್ಲ.

"ಚಿತ್ರ ಚಲೋ ಬಂದಾವ. ಆದ್ರ ಇವನ್ನ ಓದೂದು ನಾವೂ ಇನ್ನೂ ಕಲಿಯಾಕತ್ತೇವಿ. ಸೂಜಿ ತಪ್ಪೂದಿಲ್ಲಪಾ. ಅವತ್ತ ಹೇಳಿದ್ದೆನಲ್ಲ?"

ಹೇಳಿದ್ದರೇ?

ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ, "ಏನಂದ್ರೋ?" ಎಂದಳು. ನನ್ನ ಕೈ ತಾನಾಗಿ ಇಲ್ಲದ ಕನ್ನಡಕದ ಕಡೆ ಹೋಯಿತು.

"ಅವರ ದನಿ ಬ್ಯಾಡ" ಎಂದಳು. "ಆಗ ಮೈಕಿನ್ಯಾಗ ಒಬ್ಬ ಮಾತಾಡಿದ್ನಲ್ಲ, ಅವ ಹೇಳ್ಲಿ."