ಸಾಣೆ ಹಿಡಿದ ಕೈ ನನ್ನದಲ್ಲ

ವೈನಿ, ಆ ಕೈ ನನ್ನದಲ್ಲ. ಕಬ್ಬೂರಿನ ನಮ್ಮ ಮನೆಯ ಹಿತ್ತಲ ಶೆಡ್ಡಿನಲ್ಲಿ ಹನ್ನೆರಡು ವರ್ಷ ಸಾಣೆ ಹಿಡಿದವರು ನೀವು; ಚಿಕ್ಕೋಡಿಯಿಂದ ಅಥಣಿಯವರೆಗೆ ಹೆಸರು ಪಡೆದವನು ನಾನು. ಯಾರೂ ನನ್ನಿಂದ ಈ ಮೋಸ ಮಾಡಿಸಲಿಲ್ಲ — ನಾನೇ ಮಾಡಿದೆ.

ನನ್ನ ಅಣ್ಣ, ನಿಮ್ಮ ಗಂಡ, ತೀರಿಕೊಂಡು ಆರು ತಿಂಗಳಾಗಿತ್ತು. ಅವನ ಲೇತು, ಗ್ರೈಂಡರು ನನ್ನ ಕೈಗೆ ಬಂದಿದ್ದವು, ಕಸುಬು ಬಂದಿರಲಿಲ್ಲ. ಮೊಂಡಾದ ಡ್ರಿಲ್ ಬಿಟ್ಟೊಂದನ್ನು ಸಾಣೆಕಲ್ಲಿಗೆ ಒತ್ತಿ ಒತ್ತಿ ತುದಿ ನೀಲಿಗಟ್ಟಿಸಿದ್ದೆ. ರೊಟ್ಟಿ ಬಡಿಯುತ್ತಿದ್ದ ನೀವು ಆ ಸದ್ದು ಕೇಳಿ ಹಿಟ್ಟಿನ ಕೈಯಲ್ಲೇ ಓಡಿ ಬಂದಿರಿ.

"ಅಷ್ಟ ಒತ್ತಬ್ಯಾಡ್ರಿ. ಸುಟ್ಟರ ಅದರ ಗಟ್ಟಿತನ ಹೋಗತೈತಿ. ಕೊಡ್ರಿ ಇಲ್ಲೆ."

ಜುಗೂಳದಲ್ಲಿ ನಿಮ್ಮ ಅಪ್ಪನ ಗಾಣ ರಿಪೇರಿ ಅಂಗಡಿಯಲ್ಲಿ ಬೆಳೆದವರೆಂದು ಗೊತ್ತಿತ್ತು. ಆದರೆ ಇಂಥ ಕೈ ಎಂದು... ಬಿಟ್ಟನ್ನು ಬೆರಳ ಮೇಲೆ ಒರಗಿಸಿ, ಕಲ್ಲಿಗೆ ತಾಗಿತೋ ಇಲ್ಲವೋ ಎಂಬಂತೆ ತಾಗಿಸಿ ತಿರುವಿದಿರಿ. ನೀರಿಗೆ ಅದ್ದಿದಿರಿ. ಮತ್ತೆ ತಿರುವಿದಿರಿ. ನೋಡುತ್ತಿರಲಿಲ್ಲ — ಅದರ ಸದ್ದು ಕೇಳುತ್ತಿದ್ದಿರಿ. ಆಮೇಲೆ ಅದನ್ನು ಉಕ್ಕಿನ ಪಟ್ಟಿಗೆ ಇಳಿಸಿದಾಗ ಎರಡೂ ಅಂಚಿನಿಂದ ಎರಡು ಸುರುಳಿಗಳು ಎದ್ದವು. ಒಂದೇ ದಪ್ಪ, ಒಂದೇ ಉದ್ದ — ಎರಡೂ ಅಂಚು ಅಷ್ಟು ಸಮ. ಅಳತೆಗೋಲು ಮುಟ್ಟದೆ, ಬರಿಗೈಯಲ್ಲಿ!

ಅಂದಿನಿಂದ ಗಿರಾಕಿಗಳು ಹೆಚ್ಚಿದರು. ಒಂದು ದಿನ ರಾಯಬಾಗದ ಕಡೆಯ ವರ್ಕಶಾಪಿನ ಫೋರಮನ್ನರು ತಾವು ಸಾಣೆಗೆ ಕಳಿಸಿದ್ದ ಡ್ರಿಲ್ ಬಿಟ್ಟು ಹಿಡಿದುಕೊಂಡೇ ಬಂದರು.

"ಇದು ಯಾರ ಕೈರಿ? ಇಂಥಾ ಧಾರ ನಾ ಎಲ್ಲೂ ನೋಡಿಲ್ಲ."

ನೀವು ಚಹಾ ಹಿಡಿದು ಬಾಗಿಲಲ್ಲಿದ್ದಿರಿ.

"ನಂದರಿ," ಅಂದೆ.

ನೀವು ಕಪ್ಪು ಇಟ್ಟು ಒಳಗೆ ಹೋದಿರಿ. ಮರುದಿನ ಮತ್ತೆ ಕಲ್ಲಿನ ಮುಂದೆ ನಿಂತಿರಿ — ಏನೂ ಆಗಿಲ್ಲವೆಂಬಂತೆ. ಹೆಂಗಸಿನ ಕೆಲಸವೆಂದರೆ ಗಿರಾಕಿ ಬರಲಿಕ್ಕಿಲ್ಲ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಆ ಹೊಗಳಿಕೆ ನನಗೆ ಬೇಕಾಗಿತ್ತು, ಅಷ್ಟೇ.

ಎರಡು ವರ್ಷದಿಂದ ನಿಮ್ಮ ನೋಟ ಕುಂದುತ್ತ ಬಂತು. ಕಣ್ಣಿನ ನರ ಒಣಗಿದೆ, ಹೋದದ್ದು ತಿರುಗಿ ಬಾರದು ಎಂದರು ಡಾಕ್ಟರು. ಹೋದ ತಿಂಗಳು ಅದೇ ಫೋರಮನ್ನರು ಬಂದು, ತಮ್ಮ ಕೆಲಸಗಾರರಿಗೆ ಸಾಣೆ ಹಿಡಿಯುವುದನ್ನು ಕಲಿಸಲು ನನ್ನನ್ನು ಕರೆದರು. ಆ ಕಸುಬು ನನಗೆ ಇನ್ನೂ ಬಂದಿರಲಿಲ್ಲ. ನಿಮ್ಮನ್ನು ಹೊರಗೆ ಕರೆದು, ನಿಮ್ಮೆದುರೇ ಅವರಿಗೆ ಹೇಳಿದೆ: "ಕೈ ನಂದಲ್ರಿ. ಇವರದು."

ಅವರು ನಂಬಲಿಲ್ಲ. ಜೇಬಿನಿಂದ ಒಂದು ಬಿಟ್ಟು ತೆಗೆದು ನಿಮ್ಮ ಕೈಗಿಟ್ಟರು. ನೀವು ಹೆಬ್ಬೆರಳಿನ ಉಗುರನ್ನು ಅದರ ತುದಿಯ ಮೇಲೆ ಮೆಲ್ಲಗೆ ಆಡಿಸಿದಿರಿ.

"ಈ ಕಡೆ ಅಂಚ ಕೂದಲೆಳಿಯಷ್ಟ ಉದ್ದ ಐತ್ರಿ."

ಅವರು ಗೇಜಿನಿಂದ ಅಳೆದರು. ಇನ್ನೊಮ್ಮೆ ಅಳೆದರು. ಆಮೇಲೆ ಎದ್ದು ನಿಂತು, ನಿಮಗೆ ಕಾಣದೆಂದು ತಿಳಿದೂ, ಕೈ ಮುಗಿದರು.

"ಅಕ್ಕಾರ, ಆವಾಗ ಗೊತ್ತಿದ್ದರ ನಮ್ಮ ಟೂಲ್ ರೂಮ್ ನಿಮ್ಮ ಕೈಯಾಗ ಕೊಡತಿದ್ನಿರಿ."

"ಕರದಿದ್ದರ ಬರತಿದ್ದೆರಿ," ಅಂದಿರಿ. ಅಷ್ಟೇ ಅಂದಿರಿ.

ನಾನು ಕದ್ದದ್ದು ಬರೀ ಹೊಗಳಿಕೆ ಎಂದುಕೊಂಡಿದ್ದೆ. ಅಲ್ಲ, ವೈನಿ — ಒಂದಿಡೀ ಬದುಕನ್ನು...

ನೀವು ಈ ಪತ್ರವನ್ನು ಓದಲಾರಿರಿ. ನಾಳೆ ಬೆಳಿಗ್ಗೆ, ಶೆಡ್ಡಿನಲ್ಲಿ ಗಿರಾಕಿಗಳೆಲ್ಲ ಕೂತಿರುವಾಗ, ನಾನೇ ಗಟ್ಟಿಯಾಗಿ ಓದುತ್ತೇನೆ. ಒಂದು ಸಾಲನ್ನೂ ಬಿಡದೆ.