ಭಾವನ ಎಡಗಡೆ

ನಮ್ಮ ಭಾವ ಟೈಲರ್. ಮದುವೆಯಾದಾಗಿನಿಂದ ಅಕ್ಕ ಅಂಗಡಿಯಲ್ಲಿ ಅವರ ಎಡಗಡೆ ಸ್ಟೂಲಿನ ಮೇಲೆ ಕೂತು ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದಳು. ಹೆಸರು ಬಂದದ್ದು ಮಾತ್ರ ಭಾವನಿಗೆ.

ಆಮೇಲೆ ಭಾವನಿಗೆ ಸ್ಟ್ರೋಕ್ ಆಯಿತು. ಕಣ್ಣು ಚೆನ್ನಾಗಿಯೇ ಇತ್ತು, ಆದರೆ ಎಡಗಡೆಗೆ ಗಮನವೇ ಹೋಗುತ್ತಿರಲಿಲ್ಲ. ಎಡತೋಳೇ ಇಲ್ಲದ ಅಂಗಿಗೆ ಇಸ್ತ್ರಿ ಹಾಕಿ ಗಿರಾಕಿಗೆ ಕೊಟ್ಟರು. ಬೈಸಿಕೊಂಡವಳು ಅಕ್ಕ.

ಆಸ್ಪತ್ರೆಯಲ್ಲಿ ತರಬೇತಿ ಕೊಡುವ ಹುಡುಗಿ ಮೇಜಿನ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, "ಇದು ಕಾಣೋವರೆಗೂ ತಲೆ ತಿರುಗಿಸಿ" ಎಂದು ಭಾವನಿಗೆ ಹೇಳಿದಳು. ಅಕ್ಕನಿಗೆ, "ನೀವು ಯಾವಾಗ್ಲೂ ಎಡಗಡೆನೇ ಕೂತು ಮಾತಾಡ್ಸಿ" ಎಂದಳು.

"ಅದೇನು ನಂಗೆ ಹೊಸದಲ್ಲ ಬಿಡಮ್ಮ" ಎಂದಳು ಅಕ್ಕ.

ತಿಂಗಳುಗಟ್ಟಲೆ ಅಲ್ಲೇ ಕೂತು ಗಂಟಲು ಹರಿದುಕೊಂಡಳು. ಭಾವ ಬಲಗಡೆಯ ಗೋಡೆಗೆ ಉತ್ತರ ಕೊಡುತ್ತಿದ್ದರು.

ಕೊನೆಗೊಂದು ದಿನ ಅವರ ತಲೆ ಕೆಂಪು ಪಟ್ಟಿಯನ್ನೂ ದಾಟಿ ತಿರುಗಿತು. ಅಕ್ಕನನ್ನೇ ನೆಟ್ಟಗೆ ನೋಡಿದರು. ಪಕ್ಕದಲ್ಲಿದ್ದ ನನಗೂ ಕಣ್ಣು ತುಂಬಿ ಬಂತು.

"ಗುಂಡಿ ಹಾಕಿ ಆಯ್ತಾ?" ಎಂದರು ಭಾವ.

ಹುಡುಗಿ ಚಪ್ಪಾಳೆ ತಟ್ಟಿದಳು. "ನೋಡಿದ್ರಾ ಅಮ್ಮ, ನಿಮ್ಮ ಯಜಮಾನ್ರು ಮೊದಲಿನ ಹಾಗಾದ್ರು!"

"ಹೂಂ," ಎಂದಳು ಅಕ್ಕ. "ಥೇಟ್ ಮೊದಲಿನ ಹಾಗೇ."